ಆಟದ ಪೆಟ್ಟಿಗೆಯ ತಿರುಪು ಬಿಚ್ಚಿದವರು



ಡಿಪ್ಲೊಮಾ ತರಗತಿಗಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುವುದು ನನ್ನ ಕಸುಬು. ಹೊಸದಾಗಿ ಸೇರುವ ಮಕ್ಕಳಲ್ಲಿ ಬೋರ್ಡಿನ ಮುಂದೆ ಹೆದರದೆ ಕೂರುವವರು ಯಾರು ಎಂದು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಎಸ್ಎಸ್ಎಲ್‌ಸಿಯಲ್ಲಿ ಎಷ್ಟು ಅಂಕ ಬಂದಿದೆ ಎಂಬುದಕ್ಕೂ ಇದಕ್ಕೂ ಹೆಚ್ಚು ಸಂಬಂಧ ಕಾಣಲಿಲ್ಲ. ಮನೆಯಲ್ಲಿ ಏನನ್ನಾದರೂ ಬಿಚ್ಚಿದವರು, ಬಿಚ್ಚಿದ್ದಕ್ಕೆ ಬೈಸಿಕೊಂಡವರು ಸೋಲ್ಡರಿಂಗ್ ಐರನ್ ಹಿಡಿದಾಗ ಅವರ ಕೈ ನಡುಗುವುದಿಲ್ಲ. ಬಿಚ್ಚಿದ್ದು ಏನನ್ನು ಎಂದು ಕೇಳಿದರೆ ಈಚೆಗೆ ಬರುವ ಉತ್ತರ ಹೆಚ್ಚಾಗಿ ಒಂದೇ: ವಿಡಿಯೋ ಗೇಮು, ಇಲ್ಲವೆ ಅದರ ರಿಮೋಟು. ಆದ್ದರಿಂದ ಇವತ್ತು ನಾನು ಆಟಗಳ ಬಗ್ಗೆ, ಅದರಲ್ಲೂ ಆಟಗಳನ್ನು ತಿದ್ದುವವರ ಬಗ್ಗೆ ಮಾತಾಡಬೇಕೆಂದಿದ್ದೇನೆ. ಹುಡುಗರು ಇದಕ್ಕೆ ‘ಮಾಡ್ ಮಾಡೋದು’ ಎನ್ನುತ್ತಾರೆ. ಆಟದ ಫೈಲುಗಳನ್ನು ತೆರೆದು ಬದಲಾಯಿಸುವುದು ಒಂದು ಬಗೆ, ಆಟದ ಯಂತ್ರವನ್ನೇ ಬಿಚ್ಚಿ ಬೆಸುಗೆ ಹಾಕುವುದು ಇನ್ನೊಂದು ಬಗೆ. ಎರಡನ್ನೂ ಸೇರಿಸಿಯೇ ಮಾತಾಡುತ್ತೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸವನ್ನು ನಾವು ಕಿಡಿಗೇಡಿತನವೆಂದೋ, ಕಳ್ಳ ಡಿಸ್ಕಿನ ವ್ಯವಹಾರವೆಂದೋ ನೋಡುತ್ತ ಬಂದಿದ್ದೇವೆ. ಆದರೆ ವಿಡಿಯೋ ಗೇಮ್‌ಗಳ ಚರಿತ್ರೆಯನ್ನು ಓದಿದರೆ ಆಟ ಕಟ್ಟಿದವರ ಜೊತೆಗೇ ಆಟ ತಿದ್ದಿದವರೂ ನಿಂತಿದ್ದಾರೆ, ಎಷ್ಟೋ ಕಡೆ ಇಬ್ಬರೂ ಒಬ್ಬರೇ ಆಗಿದ್ದಾರೆ. ಇವರಿಗೆ ನಮ್ಮ ಕಾನೂನಿನಲ್ಲಿ ಜಾಗವಿದೆ. ನಮ್ಮ ಪ್ರಯೋಗಾಲಯಗಳಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ಮೊದಲಿಂದ ಶುರುಮಾಡೋಣ. 1961ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿ ಅಮೆರಿಕದ ಎಂಐಟಿಗೆ ಪಿಡಿಪಿ-1 ಎಂಬ ಕಂಪ್ಯೂಟರನ್ನು ದಾನವಾಗಿ ಕೊಟ್ಟಿತು. ಅದರ ಬೆಲೆ ಆಗ ಸುಮಾರು 1,20,000 ಡಾಲರ್. ಅದಕ್ಕೆ ಒಂದು ದುಂಡನೆಯ ಪರದೆ ಇತ್ತು. ಸ್ಟೀವ್ ರಸೆಲ್ ಎಂಬ ಯುವಕ ಗೆಳೆಯರೊಡನೆ ಚರ್ಚಿಸಿ 1962ರಲ್ಲಿ ಅದರ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟ ಬರೆದ. ಎರಡು ರಾಕೆಟ್ಟು, ಇಬ್ಬರು ಆಟಗಾರರು, ಒಬ್ಬರ ಮೇಲೊಬ್ಬರು ಗುಂಡು ಹಾರಿಸಬೇಕು. ಹಿನ್ನೆಲೆಗೆ ಮನಬಂದಂತೆ ಚೆಲ್ಲಿದ ಚುಕ್ಕೆಗಳೇ ನಕ್ಷತ್ರಗಳು.

ಪೀಟರ್ ಸ್ಯಾಮ್ಸನ್ ಎಂಬ ಗೆಳೆಯನಿಗೆ ಆ ಚುಕ್ಕೆಗಳು ಸರಿಕಾಣಲಿಲ್ಲ. ಆತ ಖಗೋಳ ಪಂಚಾಂಗವನ್ನು ಹಿಡಿದು ಕೂತು, ಖಗೋಳ ವಿಷುವದ್ವೃತ್ತದ ಎರಡೂ ಬದಿಗೆ 22.5 ಡಿಗ್ರಿಯವರೆಗಿನ ನಿಜವಾದ ನಕ್ಷತ್ರಗಳ ಸ್ಥಾನಗಳನ್ನು ಪ್ರೋಗ್ರಾಮಿನೊಳಗೆ ಬರೆದ. ಹೆಚ್ಚು ಹೊಳೆಯುವ ನಕ್ಷತ್ರವನ್ನು ಪರದೆಯ ಮೇಲೆ ಹೆಚ್ಚು ಸಲ ಬೆಳಗಿಸಿ ಕಾಂತಿಯ ವ್ಯತ್ಯಾಸವನ್ನೂ ತಂದ. ರಾಕೆಟ್ಟುಗಳ ಹಿಂದೆ ನಿಜವಾದ ಆಕಾಶ ನಿಧಾನವಾಗಿ ಸರಿಯತೊಡಗಿತು. ಆಟದ ಸೋಲು ಗೆಲುವಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ತಪ್ಪು ಆಕಾಶದ ಕೆಳಗೆ ಆಡಲು ಒಬ್ಬನಿಗೆ ಮನಸ್ಸು ಬರಲಿಲ್ಲ ಎನ್ನುವುದು ಬಿಟ್ಟರೆ ಬೇರೆ ಕಾರಣ ಬೇಕಾಗಿಯೂ ಇರಲಿಲ್ಲ.

ಡ್ಯಾನ್ ಎಡ್ವರ್ಡ್ಸ್‌ಗೆ ಇನ್ನೊಂದು ಕೊರತೆ ಕಂಡಿತು. ರಾಕೆಟ್ಟುಗಳು ಎಲ್ಲಿ ಬೇಕೆಂದರಲ್ಲಿ ಓಡಾಡುತ್ತಿದ್ದವು, ಬುದ್ಧಿವಂತಿಕೆಗೆ ಕೆಲಸವಿರಲಿಲ್ಲ. ನಡುವೆ ಒಬ್ಬ ಸೂರ್ಯನನ್ನಿಟ್ಟು ಗುರುತ್ವಾಕರ್ಷಣೆ ತರಬೇಕೆಂದು ಆತ ಯೋಚಿಸಿದ. ಆದರೆ ಆ ಲೆಕ್ಕ ಮಾಡಲು ಯಂತ್ರಕ್ಕೆ ಸಮಯ ಸಾಲುತ್ತಿರಲಿಲ್ಲ. ಆದ್ದರಿಂದ ರಾಕೆಟ್ಟಿನ ಚಿತ್ರ ಬಿಡಿಸುವ ಭಾಗವನ್ನೇ ಹೊಸದಾಗಿ ಬರೆದು, ಅಲ್ಲಿ ಉಳಿಸಿದ ಸಮಯವನ್ನು ಗುರುತ್ವಕ್ಕೆ ಕೊಟ್ಟ. ಅಷ್ಟಾದರೂ ಗುಂಡುಗಳ ಲೆಕ್ಕಕ್ಕೆ ಸಮಯ ಉಳಿಯಲಿಲ್ಲ. ಹಾಗಾಗಿ ಆ ಆಟದಲ್ಲಿ ಸೂರ್ಯ ರಾಕೆಟ್ಟನ್ನು ಸೆಳೆಯುತ್ತಾನೆ, ಗುಂಡನ್ನು ಸೆಳೆಯುವುದಿಲ್ಲ. ನನ್ನ ತರಗತಿಯಲ್ಲಿ ಪ್ರೊಸೆಸರಿನ ಸಮಯ ಎಂದರೇನು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆಡುವುದಕ್ಕೆ ಮೊದಲು ಯಂತ್ರದ ಮುಂಭಾಗದ ಸ್ವಿಚ್ಚುಗಳನ್ನೇ ಬಳಸುತ್ತಿದ್ದರು. ಮೊಣಕೈ ನೋಯುತ್ತಿತ್ತು, ಪರದೆಗೆ ಹತ್ತಿರ ನಿಂತವನಿಗೆ ಅನುಕೂಲ ಹೆಚ್ಚಿತ್ತು. ಅಲನ್ ಕೊಟೊಕ್ ಮತ್ತು ಬಾಬ್ ಸಾಂಡರ್ಸ್ ಅಲ್ಲಿನ ಮಾದರಿ ರೈಲು ಕ್ಲಬ್ಬಿನ ಬಿಡಿಭಾಗಗಳನ್ನು ಹೊಂದಿಸಿ ಕೈಯಲ್ಲಿ ಹಿಡಿಯುವ ಪೆಟ್ಟಿಗೆಗಳನ್ನು ಮಾಡಿದರು. ಇವತ್ತು ಅಂಗಡಿಯಲ್ಲಿ ಸಿಗುವ ಗೇಮ್ ಕಂಟ್ರೋಲರಿನ ಹಿರಿಯಜ್ಜ ಅದು. ಆಟ, ಆಟದ ತಿದ್ದುಪಡಿ, ಯಂತ್ರದ ತಿದ್ದುಪಡಿ ಮೂರೂ ಒಂದೇ ಕೋಣೆಯಲ್ಲಿ, ಕೆಲವೇ ತಿಂಗಳೊಳಗೆ ಹುಟ್ಟಿದವು ಎಂಬುದನ್ನು ದಯವಿಟ್ಟು ನೆನಪಿಡಿ.

ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಎಂಐಟಿಯ ಡಗ್ ಮೆಕ್ರೇ ಮತ್ತು ಕೆವಿನ್ ಕರನ್ ಎಂಬ ವಿದ್ಯಾರ್ಥಿಗಳು ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಇಟ್ಟು ಹಣ ಸಂಪಾದಿಸುತ್ತಿದ್ದರು. ಅಟಾರಿ ಕಂಪನಿಯ ‘ಮಿಸೈಲ್ ಕಮಾಂಡ್’ ಆಟದಲ್ಲಿ ಜನ ಪಳಗಿದ್ದರಿಂದ ನಾಣ್ಯ ಬೀಳುವುದು ಕಡಿಮೆಯಾಯಿತು. ಇವರು ಒಂದು ಹೆಚ್ಚುವರಿ ಬೋರ್ಡು ಮಾಡಿ, ಅದನ್ನು ಒಳಗೆ ಸಿಕ್ಕಿಸಿದರೆ ಆಟ ಕಠಿಣವಾಗುವಂತೆ ಮಾಡಿ, 1981ರಲ್ಲಿ ಮಾರತೊಡಗಿದರು. ಅಟಾರಿ ಒಂದೂವರೆ ಕೋಟಿ ಡಾಲರಿನ ದಾವೆ ಹೂಡಿತು. ಹುಡುಗರು ಹಿಂಜರಿಯಲಿಲ್ಲ. ಕೊನೆಗೆ ಅಟಾರಿ ದಾವೆಯನ್ನು ಕೈಬಿಟ್ಟು ಅವರಿಗೇ ಆಟ ಬರೆಯುವ ಕೆಲಸ ಕೊಟ್ಟಿತು, ಮೂಲ ಕಂಪನಿಯ ಒಪ್ಪಿಗೆಯಿಲ್ಲದೆ ಇಂಥ ಬೋರ್ಡು ಮಾರುವುದಿಲ್ಲ ಎಂಬ ಷರತ್ತಿನ ಮೇಲೆ. ಅಷ್ಟರಲ್ಲಿ ಅವರ ಕೈಯಲ್ಲಿ ‘ಪ್ಯಾಕ್‌ಮ್ಯಾನ್’ ಆಟದ ತಿದ್ದಿದ ರೂಪವೊಂದು ಇತ್ತು. ಅದನ್ನು ಅಮೆರಿಕದಲ್ಲಿ ಪ್ಯಾಕ್‌ಮ್ಯಾನ್ ಮಾರುತ್ತಿದ್ದ ಮಿಡ್‌ವೇ ಕಂಪನಿಗೆ ತೋರಿಸಿದರು. 1982ರಲ್ಲಿ ಅದೇ ‘ಮಿಸ್ ಪ್ಯಾಕ್‌ಮ್ಯಾನ್’ ಆಗಿ ಬಂತು, ಅಮೆರಿಕದಲ್ಲಿ ಅತಿ ಹೆಚ್ಚು ಓಡಿದ ಆಟಗಳಲ್ಲಿ ಒಂದಾಯಿತು.

ನಮ್ಮ ಕಡೆಗೆ ಬರೋಣ. 1990ರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದ ಟಿ.ವಿ. ವಿಡಿಯೋ ಗೇಮ್‌ಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಲಿ ಕಂಪ್ಯೂಟರಿನ ತದ್ರೂಪುಗಳು. ಬಿಚ್ಚಿದರೆ ಒಳಗೆ ಐಸಿಗಳ ಬದಲು ಕರಿ ಅಂಟಿನ ಒಂದು ಉಂಡೆ ಕಾಣುತ್ತಿತ್ತು, ಚಿಪ್ಪು ಅದರಡಿಯಲ್ಲಿ ಹೂತಿರುತ್ತಿತ್ತು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ನಿಜವಾಗಿ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಉಳಿದವೆಲ್ಲ ಅವೇ ಆಟಗಳು, ಒಂದರಲ್ಲಿ ಮೂರನೇ ಹಂತದಿಂದ ಶುರು, ಇನ್ನೊಂದರಲ್ಲಿ ಜೀವಗಳು ಹೆಚ್ಚು. ಯಾರೋ ಎಲ್ಲೋ ಕೂತು ಆಟದ ಮೆಮೊರಿಯಲ್ಲಿ ಒಂದೆರಡು ಸಂಖ್ಯೆಗಳನ್ನು ಬದಲಾಯಿಸಿದ್ದರು. ಮಕ್ಕಳಿಗೆ ಆಗ ಮೋಸವೆನಿಸಿದ್ದು ಸಹಜ. ಆದರೆ ಒಂದೇ ಸಂಖ್ಯೆ ಬದಲಾದರೆ ಇಡೀ ಆಟ ಬೇರೆಯಾಗುತ್ತದೆ ಎಂಬ ಪಾಠ ಆ ಪಟ್ಟಿಯಲ್ಲಿತ್ತು, ಅದನ್ನು ಓದಿ ಹೇಳುವವರು ಇರಲಿಲ್ಲ.

ಅದೇ ಕೆಲಸವನ್ನು ಎಲ್ಲರ ಕಣ್ಣೆದುರಿಗೆ ಮಾಡಿದ್ದು ‘ಗೇಮ್ ಜೀನಿ’ ಎಂಬ ಸಾಧನ. ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್ ರೂಪಿಸಿದ ಇದನ್ನು ಅಮೆರಿಕದಲ್ಲಿ ಗಲೂಬ್ ಕಂಪನಿ ಮಾರಿತು. ಯಂತ್ರಕ್ಕೂ ಕ್ಯಾಸೆಟ್ಟಿಗೂ ನಡುವೆ ಅದನ್ನು ಸಿಕ್ಕಿಸಬೇಕು. ಆರಂಭಕ್ಕೆ ಜೀವಗಳು ಎಷ್ಟು ಎಂದು ಯಂತ್ರ ಕ್ಯಾಸೆಟ್ಟಿನ ಒಂದು ವಿಳಾಸವನ್ನು ಕೇಳಿದಾಗ, ಕ್ಯಾಸೆಟ್ಟು ‘3’ ಎನ್ನುವ ಮೊದಲೇ ಇದು ‘9’ ಎಂದು ಉತ್ತರಿಸುತ್ತದೆ. ಕ್ಯಾಸೆಟ್ಟಿನೊಳಗೆ ಏನೂ ಬದಲಾಗುವುದಿಲ್ಲ. ಇದರ ಮಾರಾಟ ತಡೆಯಬೇಕೆಂದು ನಿಂಟೆಂಡೊ ನ್ಯಾಯಾಲಯವನ್ನು ಕೇಳಿತು. 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶೆ ಫರ್ನ್ ಸ್ಮಿತ್, ಮರುವರ್ಷ ಮೇಲ್ಮನವಿ ನ್ಯಾಯಾಲಯ, ಇಬ್ಬರೂ ಗಲೂಬ್ ಪರವಾಗಿ ತೀರ್ಪು ಕೊಟ್ಟರು. ಹಣ ಕೊಟ್ಟು ಕೊಂಡ ಆಟವನ್ನು ಮನೆಯಲ್ಲಿ ತನ್ನ ಸಂತೋಷಕ್ಕಾಗಿ ಬೇರೆ ರೀತಿಯಲ್ಲಿ ಆಡಿನೋಡುವುದರಿಂದ ಕೃತಿಸ್ವಾಮ್ಯಕ್ಕೆ ಧಕ್ಕೆ ಬರುವುದಿಲ್ಲ ಎಂಬುದು ಅದರ ತಿರುಳು.

ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1992ರಲ್ಲಿ ಬಂದ ಅವರ ಆಟವೊಂದನ್ನು ಆಟಗಾರರು ಕಷ್ಟಪಟ್ಟು ಒಡೆದು ತಮ್ಮ ಚಿತ್ರಗಳನ್ನು ಸೇರಿಸುತ್ತಿದ್ದುದನ್ನು ಆ ಕಂಪನಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಗಮನಿಸಿದ. 1993ರ ಡಿಸೆಂಬರ್ 10ರಂದು ‘ಡೂಮ್’ ಬಿಡುಗಡೆಯಾದಾಗ ಆಟವನ್ನು ಓಡಿಸುವ ಪ್ರೋಗ್ರಾಮನ್ನು ಒಂದು ಕಡೆ, ಚಿತ್ರ, ಧ್ವನಿ, ನಕ್ಷೆಗಳೆಲ್ಲವನ್ನು ‘ವ್ಯಾಡ್’ ಎಂಬ ಇನ್ನೊಂದು ಫೈಲಿನಲ್ಲಿ ಬೇರೆಯಾಗಿಯೇ ಇಟ್ಟಿದ್ದ. ರಂಗಸ್ಥಳ, ಹಿಮ್ಮೇಳ ಹಾಗೇ ಇದ್ದು ಪ್ರಸಂಗ ಮಾತ್ರ ರಾತ್ರಿಗೊಂದು ಬದಲಾಗುವ ಯಕ್ಷಗಾನ ಮೇಳದ ಹಾಗೆ, ಮೂಲ ಆಟಕ್ಕೆ ಪೆಟ್ಟಾಗದೆ ಹೊಸ ಹೊಸ ವ್ಯಾಡ್‌ಗಳನ್ನು ಅದರ ಮೇಲೆ ಓಡಿಸಬಹುದಿತ್ತು. 1994ರ ಜನವರಿಯಲ್ಲೇ, ಅಂದರೆ ಆಟ ಬಂದು ಎರಡು ತಿಂಗಳು ತುಂಬುವ ಮೊದಲೇ, ಅಭಿಮಾನಿಗಳು ನಕ್ಷೆ ತಿದ್ದುವ ಸಾಧನ ಬರೆದುಕೊಂಡಿದ್ದರು. ಕಂಪನಿ ತಡೆಯಲಿಲ್ಲ. 1996ರಲ್ಲಿ ‘ಫೈನಲ್ ಡೂಮ್’ ಎಂಬ ಹೆಸರಲ್ಲಿ ಅಭಿಮಾನಿಗಳು ಕಟ್ಟಿದ ನಕ್ಷೆಗಳನ್ನು ತಾನೇ ಕೊಂಡು ಪ್ರಕಟಿಸಿತು, 1997ರ ಡಿಸೆಂಬರಿನಲ್ಲಿ ಪ್ರೋಗ್ರಾಮಿನ ಮೂಲ ಬರಹವನ್ನೇ ಎಲ್ಲರಿಗೂ ಕೊಟ್ಟುಬಿಟ್ಟಿತು. ಡೂಮ್ ಇವತ್ತಿಗೂ ಹೊಸ ಹೊಸ ಯಂತ್ರಗಳ ಮೇಲೆ ಓಡುತ್ತಿರುವುದಕ್ಕೆ ಆ ಔದಾರ್ಯವೇ ಕಾರಣ.

2000ದ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ‘ಕೌಂಟರ್ ಸ್ಟ್ರೈಕ್’ ಆಡಿದವರು ಈ ಸಭೆಯಲ್ಲೂ ಇರಬಹುದು. ಅದು ಯಾವುದೋ ಕಂಪನಿ ಯೋಜನೆ ಹಾಕಿ ಮಾಡಿದ ಆಟವಲ್ಲ. 1998ರ ‘ಹಾಫ್ ಲೈಫ್’ ಆಟವನ್ನು ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು ತಿದ್ದಿ 1999ರ ಜೂನಿನಲ್ಲಿ ಉಚಿತವಾಗಿ ಹಂಚಿದ್ದು. ಮರುವರ್ಷ ಮೂಲ ಆಟದ ವಾಲ್ವ್ ಕಂಪನಿ ಅವರನ್ನು ಸೇರಿಸಿಕೊಂಡು ಅದನ್ನೇ ಅಂಗಡಿಗೆ ತಂದಿತು.

ನಮ್ಮ ಹುಡುಗರು ತಾವೇ ಕೈಹಾಕಿದ ಆಟವೊಂದಿದೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’. 2006ರ ನವೆಂಬರಿನಲ್ಲಿ ಬಂತು. ಕಟ್ಟಿದ್ದು ಕೆನಡಾದ ಎಚ್‌ಬಿ ಸ್ಟುಡಿಯೋಸ್. ಕಂಪ್ಯೂಟರಿಗಾಗಿ ಇಎ ಹೊರತಂದ ಕೊನೆಯ ಕ್ರಿಕೆಟ್ ಆಟ ಅದೇ. ಆಸ್ಟ್ರೇಲಿಯ, ಇಂಗ್ಲೆಂಡ್ ತಂಡಗಳಿಗೆ ಮಾತ್ರ ಪರವಾನಗಿ ಇದ್ದುದರಿಂದ ನಮ್ಮ ಆಟಗಾರರ ಹೆಸರುಗಳು ತಿರುಚಿದ ರೂಪದಲ್ಲಿದ್ದವು. 2008ರಲ್ಲಿ ಐಪಿಎಲ್ ಶುರುವಾಯಿತು, ಆಟದಲ್ಲಿ ಅದರ ಸುಳಿವೂ ಇಲ್ಲ. ಅಲ್ಲಿಂದ ಇಲ್ಲಿಯವರೆಗೆ ಆ ಆಟವನ್ನು ಜೀವಂತವಾಗಿ ಇಟ್ಟವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದ ಅಭಿಮಾನಿಗಳು.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಆಟದ ಚಿತ್ರಗಳು ‘ಎಫ್ಎಸ್ಎಚ್’ ಎಂಬ ಬಗೆಯ ಫೈಲುಗಳಲ್ಲಿವೆ. ಅಂಥ ಅನೇಕ ಫೈಲುಗಳನ್ನು ಒಟ್ಟಿಗೆ ಕಟ್ಟಿ ‘ಬಿಗ್’ ಎಂಬ ದೊಡ್ಡ ಫೈಲಿನಲ್ಲಿ ಇಟ್ಟಿದ್ದಾರೆ. ಸಣ್ಣ ಸಾಧನವೊಂದರಿಂದ ಆ ಕಟ್ಟು ಬಿಚ್ಚಿದರೆ ಆಟಗಾರನ ಜೆರ್ಸಿ ಸಿಗುತ್ತದೆ. ಅದು ಮೈಮೇಲಿನ ಅಂಗಿಯ ಹಾಗೆ ಕಾಣುವುದಿಲ್ಲ. ದರ್ಜಿಯವನು ಕತ್ತರಿಸಿ ಮೇಜಿನ ಮೇಲೆ ಹಾಸಿದಂತೆ ಎದೆ, ಬೆನ್ನು, ತೋಳು ಎಲ್ಲವೂ ಒಂದೇ ಚೌಕದಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತವೆ. ಹುಡುಗ ಅದರ ಮೇಲೆ ಆರ್‌ಸಿಬಿಯ ಕೆಂಪು ಬಳಿಯುತ್ತಾನೆ, ಪ್ರಾಯೋಜಕರ ಗುರುತನ್ನು ಎದೆಯ ಜಾಗಕ್ಕೆ ಕೂರಿಸುತ್ತಾನೆ, ಅದೇ ಅಳತೆ, ಅದೇ ಹೆಸರಿನಲ್ಲಿ ಉಳಿಸಿ ಮತ್ತೆ ಕಟ್ಟಿಡುತ್ತಾನೆ. ಆಟ ಓಡಿಸಿದರೆ ಗುರುತು ಕಂಕುಳಿಗೆ ಸರಿದಿರುತ್ತದೆ. ಮತ್ತೆ ತೆರೆದು ನಾಲ್ಕು ಪಿಕ್ಸೆಲ್ ಆಚೆ ಸರಿಸುತ್ತಾನೆ. ಚಪ್ಪಟೆ ಚಿತ್ರವೊಂದು ಮೂರು ಆಯಾಮದ ದೇಹವನ್ನು ಹೇಗೆ ಸುತ್ತಿಕೊಳ್ಳುತ್ತದೆ ಎಂಬುದು ಅವನಿಗೆ ಅಷ್ಟರಲ್ಲಿ ಕೈಗೆ ಬಂದಿರುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಪಾಠದಲ್ಲಿ ಇದನ್ನು ಅರ್ಥಮಾಡಿಸಲು ನನ್ನ ಸಹೋದ್ಯೋಗಿಗಳು ಪಡುವ ಪಾಡು ನನಗೆ ಗೊತ್ತು.

ಹೀಗೆ ತಿದ್ದಿದ ಆಟದಲ್ಲಿ ಹೊಸ ತಂಡಗಳು, ಹೊಸ ಕ್ರೀಡಾಂಗಣಗಳು, ಈ ವರ್ಷದ ಆಟಗಾರರು ಇರುತ್ತಾರೆ. ವೀಕ್ಷಕ ವಿವರಣೆಯಲ್ಲಿ ಮಾತ್ರ ಇನ್ನೂ ರಿಚೀ ಬೆನೊ ಅವರ ದನಿಯಿದೆ. ಅವರು ತೀರಿಕೊಂಡದ್ದು 2015ರಲ್ಲಿ. ತಾವು ಎಂದೂ ನೋಡದ ಹುಡುಗರ ಹೊಡೆತಗಳನ್ನು ಅವರು ಇವತ್ತಿಗೂ ಮೆಚ್ಚಿಕೊಳ್ಳುತ್ತಿದ್ದಾರೆ. ಮಾರುಕಟ್ಟೆ ಬಿಟ್ಟುಹೋದ ಆಟವನ್ನು ಒಂದು ಪೈಸೆ ಸಂಬಳವಿಲ್ಲದೆ ಇಷ್ಟು ವರ್ಷ ನೋಡಿಕೊಂಡವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಇನ್ನು ಯಂತ್ರಗಳ ಮಾತು. ಇಲ್ಲಿ ಕಳ್ಳ ಪ್ರತಿಯ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. 1994ರಲ್ಲಿ ಬಂದ ಸೋನಿ ಪ್ಲೇಸ್ಟೇಷನ್ನಿನ ಅಸಲಿ ಡಿಸ್ಕಿನಲ್ಲಿ ಒಳಸುತ್ತಿನ ಗೆರೆಯನ್ನು ಬೇಕೆಂದೇ ಕಣ್ಣಿಗೆ ಕಾಣದಷ್ಟು ತೊಯ್ದಾಡುವಂತೆ ಒತ್ತಿರುತ್ತಿದ್ದರು. ಆ ತೊಯ್ದಾಟದಲ್ಲೇ ನಾಲ್ಕು ಅಕ್ಷರಗಳ ಒಂದು ಗುರುತು ಅಡಗಿತ್ತು. ಮನೆಯ ಸಿ.ಡಿ. ರೈಟರಿಗೆ ಅದನ್ನು ನಕಲು ಮಾಡಲು ಬರುತ್ತಿರಲಿಲ್ಲ. ಮಾಡ್ ಚಿಪ್ ಎಂದರೆ ಆ ನಾಲ್ಕು ಅಕ್ಷರಗಳನ್ನು ತಾನೇ ಮತ್ತೆ ಮತ್ತೆ ಪಿಸುಗುಟ್ಟುವ ಒಂದು ಸಣ್ಣ ಮೈಕ್ರೋಕಂಟ್ರೋಲರ್. ನಮ್ಮ ಊರುಗಳಲ್ಲಿ ಚಿಪ್ ಹಾಕಿಸಿದವರಲ್ಲಿ ಬಹುಪಾಲು ಜನ ನಕಲು ಡಿಸ್ಕ್ ಆಡಲಿಕ್ಕೇ ಹಾಕಿಸಿದರು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಟ ಬರೆದವರ ಶ್ರಮಕ್ಕೆ ಬೆಲೆ ಸಿಗಬೇಕು, ನಕಲು ಮಾರುವುದು ಕಳ್ಳತನ. ಆದರೆ ಅದೇ ಚಿಪ್ಪು ಬೇರೆ ದೇಶದಲ್ಲಿ ನ್ಯಾಯವಾಗಿ ಕೊಂಡ ಡಿಸ್ಕನ್ನೂ ಓಡಿಸುತ್ತಿತ್ತು, ಒಬ್ಬ ವಿದ್ಯಾರ್ಥಿ ತಾನೇ ಬರೆದ ಪ್ರೋಗ್ರಾಮನ್ನೂ ಓಡಿಸುತ್ತಿತ್ತು. ಸಾಧನವನ್ನೇ ಅಪರಾಧವೆಂದರೆ ಇವರಿಬ್ಬರೂ ಅಪರಾಧಿಗಳಾಗುತ್ತಾರೆ.

ಈ ಮಾತಿಗೆ ನನಗೆ ಸಿಗುವ ಅತ್ಯುತ್ತಮ ಸಾಕ್ಷಿ ಆಂಡ್ರ್ಯೂ ಹುವಾಂಗ್. 2001ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಬಿಡುಗಡೆಯಾದಾಗ ಆತ ಎಂಐಟಿಯಲ್ಲಿ ಡಾಕ್ಟರೇಟ್ ವಿದ್ಯಾರ್ಥಿ. ಯಂತ್ರ ಶುರುವಾಗುವಾಗ ಮೊದಲು ಓಡುವ ಬರಹ ಎಲ್ಲಿದೆ ಎಂಬ ಕುತೂಹಲ. ಫ್ಲ್ಯಾಶ್ ಮೆಮೊರಿಯನ್ನು ಬಿಚ್ಚಿ ಓದಿದರೆ ಅಲ್ಲಿದ್ದದ್ದು ದಾರಿ ತಪ್ಪಿಸಲು ಇಟ್ಟ ಬರಹ. ನಿಜವಾದದ್ದು ಕೇವಲ 512 ಬೈಟಿನಷ್ಟು, ಒಂದು ದೊಡ್ಡ ಚಿಪ್ಪಿನ ಒಳಗೆ ಹುದುಗಿತ್ತು. ಉಳಿದೆಲ್ಲವನ್ನೂ ಬಿಡಿಸುವ ಗುಪ್ತ ಕೀಲಿ ಅದರಲ್ಲೇ ಇತ್ತು. ಆದರೆ ಪ್ರೊಸೆಸರ್ ಆ ಬರಹವನ್ನು ಓದಬೇಕಲ್ಲ? ಓದುವಾಗ ಅದು ಎರಡು ಚಿಪ್ಪುಗಳ ನಡುವಿನ ತಾಮ್ರದ ಟ್ರ್ಯಾಕುಗಳ ಮೇಲೆ ಯಾವ ಮರೆಯೂ ಇಲ್ಲದೆ ಹಾದುಹೋಗುತ್ತಿತ್ತು. ಸೆಕೆಂಡಿಗೆ 400 ಮೆಗಾಬೈಟ್ ವೇಗದಲ್ಲಿ ಓಡುವುದನ್ನು ಮನೆಯಲ್ಲಿ ಕೂತು ಯಾರು ಹಿಡಿದಾರು ಎಂಬುದು ವಿನ್ಯಾಸಕಾರರ ಧೈರ್ಯ. ಹುವಾಂಗ್ ಆ ಟ್ರ್ಯಾಕುಗಳ ಅಳತೆಗೆ ಸರಿಯಾಗಿ ಒಂದು ಸಣ್ಣ ಬೋರ್ಡು ಮಾಡಿ, ಅವುಗಳ ಮೇಲೆಯೇ ಬೆಸೆದು, ಹಾದುಹೋಗುವ ಬಿಟ್ಟುಗಳನ್ನು ಹಿಡಿದು ಕೀಲಿಯನ್ನು ಹೊರತೆಗೆದ. 2002ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದ. ಮರುವರ್ಷ ಪುಸ್ತಕ ಬರೆದಾಗ ಒಪ್ಪಿದ್ದ ಪ್ರಕಾಶಕರು ಹಿಂದೆ ಸರಿದರು. ತಾನೇ ಅಚ್ಚು ಹಾಕಿಸಿ ಮಾರಿದ. 2013ರಲ್ಲಿ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ನೆನಪಿನಲ್ಲಿ ಆ ಪುಸ್ತಕವನ್ನು ಉಚಿತವಾಗಿ ಬಿಟ್ಟುಕೊಟ್ಟ.

ಆ ಪುಸ್ತಕ ನಕಲು ಡಿಸ್ಕ್ ಆಡುವುದನ್ನು ಕಲಿಸುವುದಿಲ್ಲ. ಬೋರ್ಡನ್ನು ಹೇಗೆ ಓದಬೇಕು, ಬೆಸುಗೆ ಹೇಗೆ ಹಾಕಬೇಕು, ಭದ್ರತೆ ಎಲ್ಲಿ ಸೋಲುತ್ತದೆ ಎಂದು ಕಲಿಸುತ್ತದೆ. ನಮ್ಮ ಗ್ರಂಥಾಲಯದಲ್ಲಿ ಅದು ಇರಬೇಕೆಂದು ನಾನು ಬಯಸುತ್ತೇನೆ. ಅದೇ ಎಕ್ಸ್‌ಬಾಕ್ಸನ್ನು ತೆರೆದ ಇನ್ನೊಂದು ಗುಂಪು ಟಿ.ವಿ.ಯಲ್ಲಿ ಚಿತ್ರ, ಸಂಗೀತ ನೋಡಿಕೇಳುವ ಪ್ರೋಗ್ರಾಮೊಂದನ್ನು ಬರೆಯಿತು. ಇಂದು ‘ಕೋಡಿ’ ಎಂಬ ಹೆಸರಿನಲ್ಲಿ ಎಷ್ಟೋ ಮನೆಗಳಲ್ಲಿ ಓಡುತ್ತಿರುವುದು ಅದೇ.

ಕಾನೂನಿನ ಪ್ರಶ್ನೆ. ಅಮೆರಿಕ 1998ರಲ್ಲಿ ಡಿಜಿಟಲ್ ಬೀಗಗಳನ್ನು ಮುರಿಯುವುದನ್ನೇ ಕಾನೂನುಬಾಹಿರವಾಗಿಸಿತು. ಮೂರು ವರ್ಷಕ್ಕೊಮ್ಮೆ ಅಲ್ಲಿಯ ಜನ ಅರ್ಜಿ ಹಾಕಿ ವಿನಾಯಿತಿ ಕೇಳಬೇಕು. ಗೇಮ್ ಯಂತ್ರದ ಕೆಟ್ಟ ಡಿಸ್ಕ್ ಡ್ರೈವನ್ನು ಬದಲಿಸಲು ಬೀಗ ದಾಟುವುದಕ್ಕೆ ಅವರಿಗೆ ಅನುಮತಿ ಸಿಕ್ಕಿದ್ದು 2021ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ ಕಲಂ 65ಎ ಬೇರೆ ರೀತಿಯಲ್ಲಿದೆ. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ, ದಂಡ. ‘ಉದ್ದೇಶದಿಂದ’ ಎಂಬುದರ ಮೇಲೆ ಇಡೀ ಕಲಂ ನಿಂತಿದೆ. ಇದರ ಜೊತೆಗೆ ಕಲಂ 52 ಇದೆ. ನ್ಯಾಯವಾಗಿ ಪಡೆದ ಪ್ರೋಗ್ರಾಮು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ, ಪರೀಕ್ಷಿಸಿ ಅದರ ತತ್ತ್ವವನ್ನು ತಿಳಿಯುವುದು, ಸ್ವತಂತ್ರವಾಗಿ ಬರೆದ ಬೇರೊಂದು ಪ್ರೋಗ್ರಾಮು ಅದರೊಡನೆ ಹೊಂದಿಕೊಂಡು ಓಡಲು ಬೇಕಾದ ಮಾಹಿತಿ ಪಡೆಯುವುದು, ಇವು ಉಲ್ಲಂಘನೆಯಲ್ಲ ಎಂದು ಅದು ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಇದು ವಿವೇಕದ ಕಾನೂನು. ಕಳ್ಳನನ್ನೂ ಕಲಿಯುವವನನ್ನೂ ಬೇರೆಬೇರೆಯಾಗಿ ನೋಡಬೇಕೆಂಬ ಎಚ್ಚರ ಅದರಲ್ಲಿದೆ. ನಮ್ಮ ಎಷ್ಟೋ ಪ್ರಾಂಶುಪಾಲರಿಗೆ ಈ ಕಲಮುಗಳು ಗೊತ್ತಿಲ್ಲ. ಪ್ರಾಜೆಕ್ಟ್ ವರ್ಕ್‌ಗೆ ಒಬ್ಬ ವಿದ್ಯಾರ್ಥಿ ಹಳೆಯ ಗೇಮ್ ಯಂತ್ರ ತಂದರೆ ಮೊದಲು ಬರುವ ಮಾತು ‘ಇದೆಲ್ಲ ಕೇಸಾಗುತ್ತೆ’ ಎಂಬುದು.

ಬಿಚ್ಚದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಮೊದಲ ಎಕ್ಸ್‌ಬಾಕ್ಸಿನ ಬೋರ್ಡಿನ ಮೇಲೆ ಗಡಿಯಾರಕ್ಕೆಂದು ಒಂದು ಫ್ಯಾರಡ್‌ನ ಕೆಪ್ಯಾಸಿಟರ್ ಇದೆ. ಪ್ಲಗ್ ತೆಗೆದ ಮೇಲೂ ಕೆಲವು ಗಂಟೆ ಸಮಯ ನೆನಪಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ವರ್ಷಗಳು ಕಳೆದಂತೆ ಅದು ಸೋರುತ್ತದೆ. ಸೋರಿದ ದ್ರವ ಪಕ್ಕದ ಟ್ರ್ಯಾಕುಗಳನ್ನು ತಿನ್ನುತ್ತದೆ, ಒಂದು ದಿನ ಯಂತ್ರ ಏಳುವುದೇ ಇಲ್ಲ. ಪರಿಹಾರ ಸುಲಭ. ತಳದ ಆರು ತಿರುಪುಗಳಲ್ಲಿ ನಾಲ್ಕು ರಬ್ಬರ್ ಪಾದಗಳಡಿ, ಎರಡು ಅಂಟುಚೀಟಿಗಳಡಿ ಇವೆ, ನಕ್ಷತ್ರದ ತಲೆಯ ಟಿ-20 ಸ್ಕ್ರೂಡ್ರೈವರ್ ಬೇಕು. ಮೇಲಿನ ಡ್ರೈವುಗಳನ್ನು ತೆಗೆದರೆ ಬೋರ್ಡು ಕಾಣುತ್ತದೆ. ಆ ಕೆಪ್ಯಾಸಿಟರನ್ನು ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹಳೆಯ ಟೂತ್ ಬ್ರಷ್‌ನಿಂದ ಆ ಜಾಗವನ್ನು ಉಜ್ಜಬೇಕು. ಟ್ರ್ಯಾಕು ತುಂಡಾಗಿದ್ದರೆ ಸಣ್ಣ ತಂತಿಯಿಂದ ಜಂಪರ್ ಹಾಕಬೇಕು. ಹೊಸ ಕೆಪ್ಯಾಸಿಟರ್ ಹಾಕದಿದ್ದರೂ ಹೆಚ್ಚಿನ ಯಂತ್ರಗಳು ಓಡುತ್ತವೆ, ಪ್ರತಿಸಲ ಸಮಯ ಹೊಂದಿಸಿಕೊಂಡರಾಯಿತು. ವಾರಂಟಿ ಸೀಲು ಒಡೆಯಬಾರದೆಂದು ಜೋಪಾನವಾಗಿ ಎತ್ತಿಟ್ಟ ಯಂತ್ರಗಳೂ ಇದರಿಂದ ಸಾಯುತ್ತವೆ. ಬಿಚ್ಚಿ ಸರಿಪಡಿಸಿದವು ಬದುಕುತ್ತವೆ.

ಆಟಗಳದ್ದೂ ಅದೇ ಸ್ಥಿತಿ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡ 87ರಷ್ಟು ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಅವು ಉಳಿದಿದ್ದರೆ ಹೆಚ್ಚಾಗಿ ಹವ್ಯಾಸಿಗಳ ಕೈಯಲ್ಲಿ ಉಳಿದಿವೆ.

ನನಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ ಇನ್ನೊಂದಿದೆ. ಗೇಮ್ ಕಂಟ್ರೋಲರನ್ನು ಎರಡು ಕೈ, ಹತ್ತು ಬೆರಳು ಸರಿಯಾಗಿರುವವರಿಗಾಗಿ ಮಾಡಿರುತ್ತಾರೆ. ಕೈ ಕಳೆದುಕೊಂಡವರಿಗೆ, ಸ್ನಾಯು ಕ್ಷೀಣಿಸಿದವರಿಗೆ ಅದನ್ನು ತಿದ್ದಿಕೊಟ್ಟವರು ಹೆಚ್ಚಾಗಿ ಹವ್ಯಾಸಿಗಳೇ. ಬೆನ್ ಹೆಕೆಂಡಾರ್ನ್ ಎಂಬ ಅಮೆರಿಕದ ಹವ್ಯಾಸಿ ಒಂದೇ ಕೈಯಲ್ಲಿ ಆಡುವ ಕಂಟ್ರೋಲರುಗಳನ್ನು ಕಟ್ಟಿಕೊಟ್ಟ. ಗಾಯಗೊಂಡ ಸೈನಿಕರಿಗಾಗಿ ಹೀಗೆ ತಿದ್ದಿದ ಕಂಟ್ರೋಲರುಗಳನ್ನು ನೋಡಿದ್ದು ಮೈಕ್ರೋಸಾಫ್ಟ್‌ನ ಎಂಜಿನಿಯರುಗಳಿಗೂ ದಾರಿ ತೋರಿಸಿತು. 2018ರಲ್ಲಿ ಅವರು ತಂದ ‘ಅಡಾಪ್ಟಿವ್ ಕಂಟ್ರೋಲರ್’ನ ಹಿಂಬದಿಯಲ್ಲಿ ಸಾಲಾಗಿ 19 ಜಾಕುಗಳಿವೆ. ಇಯರ್‌ಫೋನಿಗೆ ಬಳಸುವ ಅದೇ 3.5 ಮಿಲಿಮೀಟರ್ ಜಾಕು. ಪ್ರತಿ ಗುಂಡಿಗೂ ಒಂದೊಂದು. ಕಾಲಿನಿಂದ ಒತ್ತುವ ಪೆಡಲ್ಲೋ, ಗಲ್ಲದಿಂದ ತಳ್ಳುವ ಸ್ವಿಚ್ಚೋ, ಯಾವುದನ್ನು ಬೇಕಾದರೂ ಜೋಡಿಸಬಹುದು. ಜಾಕಿನ ಎರಡು ತುದಿಗಳನ್ನು ಮುಟ್ಟಿಸಿದರೆ ಗುಂಡಿ ಒತ್ತಿದಂತೆ. ಇಷ್ಟು ಸರಳವಾದ ಸ್ವಿಚ್ಚನ್ನು ನಮ್ಮ ಮೊದಲ ಸೆಮಿಸ್ಟರಿನ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲ. ಆ ದುಬಾರಿ ಪೆಟ್ಟಿಗೆ ಇಲ್ಲದೆಯೂ ಮಾಡಬಲ್ಲ. ಸಾಧಾರಣ ಯುಎಸ್‌ಬಿ ಗೇಮ್‌ಪ್ಯಾಡ್ ಬಿಚ್ಚಿ, ಗುಂಡಿಯಡಿಯ ಎರಡು ಕರಿ ಪಟ್ಟಿಗಳನ್ನು ಹುಡುಕಿ, ಅವುಗಳಿಂದ ಬರುವ ಟ್ರ್ಯಾಕಿನ ಹಸಿರು ಲೇಪನ ಕೆರೆದು ಎರಡು ತಂತಿ ಬೆಸೆದರೆ ಮುಗಿಯಿತು. ನಮ್ಮ ಊರಿನಲ್ಲೇ ಒಂದು ಮಗುವಿಗೆ ಅದು ಬೇಕಾಗಿರಬಹುದು.

ಆದ್ದರಿಂದ ಈ ವೇದಿಕೆಯಿಂದ ನನ್ನದೊಂದು ಕೋರಿಕೆ. ಪ್ರತಿ ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಒಂದು ಮೇಜನ್ನು ಈ ಕೆಲಸಕ್ಕೆ ಮೀಸಲಿಡಿ. ಹೆಚ್ಚೇನೂ ಖರ್ಚಿಲ್ಲ: ಮಲ್ಟಿಮೀಟರ್, ಉಷ್ಣತೆ ಹೊಂದಿಸಬಹುದಾದ ಸೋಲ್ಡರಿಂಗ್ ಸ್ಟೇಷನ್, ಒಳ್ಳೆಯ ಫ್ಲಕ್ಸ್, ನಿಂಟೆಂಡೊ ಬಳಸುವ ಮೂರು ಸೀಳಿನ ತಿರುಪು ಮತ್ತು ಕ್ಯಾಸೆಟ್ಟಿನ 3.8 ಮಿಲಿಮೀಟರ್ ತಿರುಪಿಗೆ ಬೇಕಾದ ಬಿಟ್‌ಗಳು. ಮೊದಲ ಪಾಠಕ್ಕೆ ಸೆಲ್ ಇರುವ ಹಳೆಯ ಗೇಮ್ ಬಾಯ್ ಕ್ಯಾಸೆಟ್ಟು ಸಾಕು. ಅದರೊಳಗಿನ 3 ವೋಲ್ಟಿನ ಸೆಲ್ ಹೆಚ್ಚಾಗಿ ಮುಗಿದಿರುತ್ತದೆ, ಅದಕ್ಕೇ ಉಳಿಸಿಟ್ಟ ಆಟ ಅಳಿಸಿಹೋಗುತ್ತದೆ. ಹಳೆಯದನ್ನು ಬಿಡಿಸಿ, ಕಿವಿಗಳಿರುವ ಹೊಸ ಸೆಲ್ ಬೆಸೆಯಲಿ. ಬರೀ ಸೆಲ್ಲಿಗೆ ನೇರವಾಗಿ ಐರನ್ ತಾಗಿಸಲು ಮಾತ್ರ ಬಿಡಬೇಡಿ, ಬಿಸಿಗೆ ಸಿಡಿಯಬಹುದು. ಪವರ್ ಸಪ್ಲೈ ಪೆಟ್ಟಿಗೆಗಳನ್ನು ಮತ್ತು ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳನ್ನು ಶಿಕ್ಷಕರಿಲ್ಲದಾಗ ಯಾರೂ ತೆರೆಯಕೂಡದು. ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಉಳಿದಿರುತ್ತದೆ.

ಸಭಿಕರಲ್ಲೂ ಕೇಳಿಕೊಳ್ಳುತ್ತೇನೆ. ಅಟ್ಟದ ಮೇಲೆ ಹಳೆಯ ಪ್ಲೇಸ್ಟೇಷನ್ನೋ, ಕ್ಯಾಸೆಟ್ ಹಾಕುವ ವಿಡಿಯೋ ಗೇಮೋ, ಒಂದು ಗುಂಡಿ ಕೆಟ್ಟ ಗೇಮ್‌ಪ್ಯಾಡೋ ಇದ್ದರೆ ಗುಜರಿಗೆ ಹಾಕಬೇಡಿ. ಹತ್ತಿರದ ಪಾಲಿಟೆಕ್ನಿಕ್‌ಗೆ ಕೊಡಿ, ಅಡಾಪ್ಟರೂ ವೈರೂ ಇದ್ದರೆ ಅವನ್ನೂ ಜೊತೆಗೆ ಕೊಡಿ. ಓಡುತ್ತದೋ ಇಲ್ಲವೋ ಎಂದು ಯೋಚಿಸುವುದು ಬೇಡ, ಕೆಟ್ಟು ನಿಂತದ್ದೇ ನಮಗೆ ಹೆಚ್ಚು ಉಪಯೋಗ. ಅದನ್ನು ಓಡಿಸುವ ಕೆಲಸ ಮಕ್ಕಳದು.